ಬ್ಯಾಡ್ಜ್ ಆಮೇಲೆ, ಮೊದಲು ನೀರಿನ ಕ್ಯಾನ್: ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಬಗೆ

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರುಗಳ ಕಿವಿಗೆ ಬೀಳುವ ಎರಡು ಮಾತುಗಳಿವೆ. ಒಂದು, ‘ನನ್ನ ಮಗ ಮುಂದೆ ಬರೋದೇ ಇಲ್ಲ ಮೇಡಂ, ಎಲ್ಲದಕ್ಕೂ ಹಿಂದೆ ನಿಲ್ತಾನೆ.’ ಇನ್ನೊಂದು, ‘ಇವಳನ್ನ ಯಾವುದಾದರೂ ಲೀಡರ್‌ಶಿಪ್ ಕ್ಲಾಸಿಗೆ ಹಾಕಬಹುದಾ?’ ಎರಡೂ ಮಾತಿನ ಹಿಂದೆ ಇರುವ ಚಿತ್ರ ಒಂದೇ. ವೇದಿಕೆ, ಮೈಕು, ಎದೆಯ ಮೇಲೆ ಬ್ಯಾಡ್ಜ್, ಅಂಜಿಕೆಯಿಲ್ಲದೆ ಪಟಪಟ ಮಾತಾಡುವ ಮಗು.

ತರಗತಿಯಲ್ಲಿ ನಾನು ಕಾಣುವುದು ಬೇರೆ. ಪಟಪಟ ಮಾತಾಡುವ ಮಗುವಿಗೆ ಒಂದನೇ ಕ್ಲಾಸಿನ ಹತ್ತು ಮಕ್ಕಳನ್ನು ಒಪ್ಪಿಸಿ ‘ಇವರನ್ನ ಮೈದಾನಕ್ಕೆ ಕರ್ಕೊಂಡು ಬಾ’ ಅನ್ನಿ. ತಾನು ಎಲ್ಲರಿಗಿಂತ ಮೊದಲು ಮೈದಾನ ಮುಟ್ಟಿರುತ್ತದೆ, ಆರು ಮಕ್ಕಳು ದಾರಿಯಲ್ಲೇ ಉಳಿದಿರುತ್ತಾರೆ. ಯಾವತ್ತೂ ಕೈ ಎತ್ತದ ಹುಡುಗಿ ಅದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ. ಕೊನೆಯ ಮಗುವಿನ ಶೂ ಲೇಸ್ ಬಿಚ್ಚಿರುವುದು ಅವಳ ಕಣ್ಣಿಗೆ ಬಿದ್ದಿರುತ್ತದೆ.

ಒಂದು ಕೆಲಸವನ್ನು ತನ್ನದು ಅಂದುಕೊಳ್ಳುವುದು. ಅದಕ್ಕೆ ನಾಲ್ಕು ಜನರನ್ನು ಸೇರಿಸಿಕೊಳ್ಳುವುದು. ಕೆಟ್ಟರೆ ಓಡಿಹೋಗದೆ ನಿಲ್ಲುವುದು. ಮಕ್ಕಳ ಮಟ್ಟಿಗೆ ನಾಯಕತ್ವ ಅಂದರೆ ನನ್ನ ಪ್ರಕಾರ ಇಷ್ಟೇ. ಇದು ಉಪದೇಶದಿಂದ ಬರುವುದಿಲ್ಲ, ನಿಜವಾದ ಕೆಲಸ ಕೈಗೆ ಬಂದಾಗ ಬರುತ್ತದೆ. ಕೆಲಸ ಕೊಟ್ಟ ಮೇಲೆ ದೊಡ್ಡವರು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ನಮಗೆ ಕಷ್ಟವಾಗುವುದು ಈ ಎರಡನೆಯದೇ.

ಐದು ವರ್ಷದಿಂದ ಹದಿನೈದರವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲವು ಹೆಜ್ಜೆಗಳನ್ನು ಹೇಳುತ್ತೇನೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿ ಮುಗಿಸುವ ಉಮೇದು ಬೇಡ.

1. ಒಂದು ವಾರ ಸುಮ್ನೆ ನೋಡಿ

ಸಂಜೆ ಪಾರ್ಕಿಗೋ ಅಪಾರ್ಟ್‌ಮೆಂಟಿನ ಕೆಳಗೋ ಮಗು ಆಡಲು ಹೋದಾಗ ಸ್ವಲ್ಪ ದೂರದ ಬೆಂಚಿನಲ್ಲಿ ಕೂತುಕೊಳ್ಳಿ. ಮೊಬೈಲ್ ಜೇಬಿನಲ್ಲಿರಲಿ. ಯಾವ ಆಟ ಅಂತ ಯಾರು ಹೇಳುತ್ತಾರೆ? ಜಗಳ ಬಂದಾಗ ನಿಮ್ಮ ಮಗು ಕೂಗುತ್ತದೋ, ಮನೆಗೆ ಹೊರಡುತ್ತದೋ, ಇಬ್ಬರ ನಡುವೆ ನಿಲ್ಲುತ್ತದೋ? ಹೊಸದಾಗಿ ಬಂದ ಮಗು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ‘ಬಾರೋ, ನೀನೂ ಸೇರ್ಕೋ’ ಅನ್ನುವವರು ಯಾರು?

ಕೆಲವು ಮಕ್ಕಳು ಮುಂದೆ ನಿಂತು ಎಳೆಯುತ್ತಾರೆ, ಕೆಲವರು ಹಿಂದಿನಿಂದ ತಳ್ಳುತ್ತಾರೆ. ಎರಡನೆಯ ಬಗೆಯವರು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ನಿಮ್ಮ ಮಗು ಆ ಬಗೆಯದ್ದಾದರೆ ಅದನ್ನು ವೇದಿಕೆಗೆ ಹತ್ತಿಸಲು ಒದ್ದಾಡಬೇಡಿ. ಮಾತು ಕಡಿಮೆ ಇರುವ ಮಗುವಿಗೂ ಮುಂದಿನ ಹೆಜ್ಜೆಗಳೆಲ್ಲ ಇದ್ದಂತೆಯೇ ಹೊಂದುತ್ತವೆ.

2. ಒಂದೇ ಕೆಲಸ, ಆದರೆ ಇಡಿಯಾಗಿ

‘ನನಗೆ ಸ್ವಲ್ಪ ಹೆಲ್ಪ್ ಮಾಡು’ ಅಂತ ಕರೆದರೆ ಮಗು ಕೂಲಿಯಾಳು, ನೀವು ಮೇಸ್ತ್ರಿ. ಹೇಳಿದಷ್ಟು ಮಾಡಿ ಹೋಗುತ್ತದೆ. ಬದಲಿಗೆ ಒಂದು ಕೆಲಸವನ್ನು ತಲೆಯಿಂದ ಬಾಲದವರೆಗೆ ಕೊಟ್ಟುಬಿಡಿ. ಗಮನಿಸುವುದು, ನಿರ್ಧರಿಸುವುದು, ಮಾಡುವುದು, ಆಗದಿದ್ದರೆ ಉತ್ತರ ಹೇಳುವುದು, ನಾಲ್ಕೂ ಅದರದ್ದೇ.

ಕ್ಯಾನ್ ನೀರು ತರಿಸುವ ಮನೆಯಾದರೆ 20 ಲೀಟರಿನ ಆ ಕ್ಯಾನು ಎಂಟು-ಒಂಬತ್ತು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಕೆಲಸ. ಕ್ಯಾನಿನಲ್ಲಿ ಎಷ್ಟು ಉಳಿದಿದೆ ಅಂತ ನೋಡಬೇಕು. ನಾಳೆ ನೆಂಟರು ಬರುತ್ತಾರಾ ಅಂತ ಕೇಳಿಕೊಳ್ಳಬೇಕು. ಅಂಗಡಿಯ ಅಣ್ಣನಿಗೆ ಫೋನ್ ಮಾಡಬೇಕು. ಬಂದ ಕ್ಯಾನಿನ ಸೀಲ್ ನೋಡಬೇಕು. ಖಾಲಿ ಕ್ಯಾನು ವಾಪಸ್ ಕೊಟ್ಟು ದುಡ್ಡಿನ ಲೆಕ್ಕ ಹೇಳಬೇಕು. ಭಾರ ಎತ್ತುವುದು ಮಾತ್ರ ದೊಡ್ಡವರ ಪಾಲು.

ಇಲ್ಲಿ ಒಂದು ನಿಯಮವಿದೆ. ನೆನಪಿಸಬೇಡಿ. ‘ಪುಟ್ಟಾ, ನೀರು ಆಗ್ತಾ ಬಂತು ನೋಡು’ ಅಂದ ತಕ್ಷಣ ಕೆಲಸ ಮತ್ತೆ ನಿಮ್ಮದಾಯಿತು. ಒಂದು ದಿನ ಬೆಳಗ್ಗೆ ಕ್ಯಾನು ಬತ್ತುತ್ತದೆ, ಬತ್ತಲಿ. ಅವತ್ತು ನೀರು ಕಾಯಿಸಿ ಆರಿಸಿ ಕುಡಿಯುತ್ತೀರಿ, ಅಷ್ಟೇ ಅಲ್ವಾ? ಬೈಗುಳವೂ ಬೇಡ. ‘ಈಗೇನು ಮಾಡೋಣ?’ ಅಂತ ಕೇಳಿ ಸುಮ್ಮನಾಗಿ. ಉತ್ತರ ಬರಲು ಸಮಯ ಹಿಡಿಯುತ್ತದೆ. ಆ ಸಮಯವನ್ನು ನಿಮ್ಮ ಮಾತಿನಿಂದ ತುಂಬಬೇಡಿ.

ಚಿಕ್ಕವರಿಗೆ, ಅಂದರೆ ಐದಾರು ವರ್ಷದವರಿಗೆ, ಊಟಕ್ಕೆ ತಟ್ಟೆ ಲೋಟ ಇಡುವುದು ಸಾಕು. ಎಷ್ಟು ಜನ ಇದ್ದಾರೆ, ತಾತನಿಗೆ ಯಾವ ಲೋಟ ಬೇಕು ಅಂತ ಯೋಚಿಸುವುದೂ ಅದರಲ್ಲೇ ಬಂತು. ಹತ್ತು ದಾಟಿದವರಿಗೆ ಕಸದ ಜವಾಬ್ದಾರಿ ಚೆನ್ನಾಗಿ ಒಗ್ಗುತ್ತದೆ. ಹಸಿ ಕಸ, ಒಣ ಕಸ, ಪ್ಯಾಡು-ಡಯಾಪರಿನಂಥ ಕಸ ಬೇರೆ ಬೇರೆಯಾಗಿದೆಯಾ, ಒಣ ಕಸ ತೆಗೆದುಕೊಳ್ಳುವುದು ಯಾವ ದಿನ, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ. ಇದರಲ್ಲೊಂದು ಲಾಭ ಇದೆ. ಹಸಿ ಕಸದ ಡಬ್ಬಕ್ಕೆ ಹಾಲಿನ ಕವರ್ ಹಾಕುವವರು ಸಾಮಾನ್ಯವಾಗಿ ಅಪ್ಪ. ಅಪ್ಪನಿಗೆ ನಯವಾಗಿ, ಆದರೆ ಬಿಡದೆ ಹೇಳಿ ಸರಿಮಾಡಿಸುವುದನ್ನು ಮಗು ಕಲಿಯುತ್ತದೆ. ತನಗಿಂತ ದೊಡ್ಡವರ ಕೈಯಲ್ಲಿ ಕೆಲಸ ಮಾಡಿಸುವುದು ಸುಲಭದ ವಿದ್ಯೆಯಲ್ಲ.

3. ಒಂದು ಭಾನುವಾರದ ಯಜಮಾನಿಕೆ

ತಿಂಗಳಿಗೊಂದು ಭಾನುವಾರ ಮನೆಯವರನ್ನೆಲ್ಲ ಹೊರಗೆ ಕರೆದೊಯ್ಯುವ ಕೆಲಸ ಮಗುವಿನದು. ಒಂಬತ್ತು-ಹತ್ತು ವರ್ಷಕ್ಕೆ ಶುರು ಮಾಡಬಹುದು. ನೀವು ಹೇಳಬೇಕಾದ್ದು ಎರಡೇ: ಬಜೆಟ್ ಎಷ್ಟು, ಎಷ್ಟು ಹೊತ್ತಿಗೆ ಮನೆಯಲ್ಲಿರಬೇಕು.

ಜಯನಗರದ ಮನೆಯೊಂದರಿಂದ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗುವುದು ಅಂತ ಮಗು ತೀರ್ಮಾನಿಸಿತು ಅಂತಿಟ್ಟುಕೊಳ್ಳಿ. ಮೆಟ್ರೋ ನಕ್ಷೆ ಮುಂದಿಡಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಬೇಕು. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ವೈಟ್‌ಫೀಲ್ಡ್ ಕಡೆಯ ರೈಲು ಹತ್ತಬೇಕು. ಸೆಂಟ್ರಲ್ ಕಾಲೇಜು, ವಿಧಾನಸೌಧ ದಾಟಿದರೆ ಕಬ್ಬನ್ ಪಾರ್ಕ್ ಸ್ಟೇಷನ್. ಅಲ್ಲಿಂದ ನಡೆಯುವುದೋ, ಆಟೋನೋ? ಈ ಪ್ರಶ್ನೆಗೆ ಉತ್ತರ ನಕ್ಷೆಯಲ್ಲಿಲ್ಲ, ಮನೆಯವರಲ್ಲಿದೆ. ಅಜ್ಜಿಗೆ ಮಂಡಿ ನೋವು. ಅವರಿಗೆ ಲಿಫ್ಟ್ ಬೇಕು, ಜಾಸ್ತಿ ನಡೆಯಲು ಆಗಲ್ಲ. ತಮ್ಮನಿಗೆ ಹನ್ನೊಂದು ಗಂಟೆಗೆ ಹಸಿವಾಗುತ್ತದೆ, ಹಸಿದರೆ ಅಳುತ್ತಾನೆ. ಅಮ್ಮನಿಗೆ ಮಧ್ಯಾಹ್ನ ಮೂರಕ್ಕೆ ಒಂದು ಫೋನ್ ಕಾಲ್ ಇದೆ. ತನಗೆ ಮ್ಯೂಸಿಯಂನ ಯಂತ್ರಗಳ ಮುಂದೆ ಎರಡು ಗಂಟೆ ನಿಲ್ಲುವ ಆಸೆ. ಇಷ್ಟನ್ನೂ ಒಂದು ದಿನದೊಳಗೆ ಹೊಂದಿಸಬೇಕು.

ನಾಯಕತ್ವದ ಕ್ಲಾಸಿಗೆ ಸಾವಿರಗಟ್ಟಲೆ ಫೀಸ್ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ಅಜ್ಜಿಯ ಮಂಡಿಯನ್ನೂ ತಮ್ಮನ ಹೊಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ದಿನದ ಯೋಜನೆ ಮಾಡಿದ ಮಗುವಿಗೆ ಆ ಕ್ಲಾಸಿನಲ್ಲಿ ಹೊಸದಾಗಿ ಹೇಳಿಕೊಡಲು ಜಾಸ್ತಿ ಏನೂ ಉಳಿದಿರುವುದಿಲ್ಲ.

ಮೆಜೆಸ್ಟಿಕ್‌ನಲ್ಲಿ ಮಗು ಗೊಂದಲಕ್ಕೆ ಬಿದ್ದು ಚಲ್ಲಘಟ್ಟದ ಕಡೆಯ ರೈಲು ಹತ್ತಿದರೆ? ನೀವೂ ಹತ್ತಿ. ಮುಂದಿನ ಸ್ಟೇಷನ್ ಸಿಟಿ ರೈಲ್ವೆ ಸ್ಟೇಷನ್. ಹೆಸರು ಕೇಳಿದ ಕೂಡಲೇ ಮಗುವಿನ ಮುಖ ನೋಡಿ, ತಪ್ಪಿದ್ದೇವೆ ಅಂತ ಅದಕ್ಕೇ ಗೊತ್ತಾಗಿರುತ್ತದೆ. ಇಳಿದು ಎದುರಿನ ರೈಲು ಹಿಡಿದರಾಯಿತು. ಹೋದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ‘ನಾನು ಮೊದಲೇ ಹೇಳಿರಲಿಲ್ವಾ’ ಅನ್ನುವ ದೊಡ್ಡವರೊಬ್ಬರು ಮನೆಯಲ್ಲಿದ್ದರೆ ಅವರಿಗೆ ಹೊರಡುವ ಮುಂಚೆಯೇ ಎಚ್ಚರಿಕೆ ಕೊಟ್ಟಿರಿ.

ಚಿಕ್ಕ ಮಕ್ಕಳಿಗೆ ಇದರ ಸಣ್ಣ ರೂಪವೂ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕೈಗೆ 200 ರೂಪಾಯಿ ಕೊಟ್ಟು ‘ಮನೆಗೆ, ಪಕ್ಕದ ಮನೆ ಅಜ್ಜಿಗೆ, ನಮ್ಮ ಮನೆ ಕೆಲಸದ ಅಕ್ಕನಿಗೆ, ಮೂವರಿಗೂ ಬರಬೇಕು’ ಅನ್ನಿ. ಹಸಿಯದೋ ಹುರಿದದ್ದೋ, ಯಾವ ರಾಶಿಯಲ್ಲಿ ಕೊಳ್ಳುವುದು, ಎಷ್ಟಕ್ಕೆ ಕೇಳುವುದು, ಎಲ್ಲ ಅದರ ಇಷ್ಟ. ಬತ್ತಾಸಿಗೆ ದುಡ್ಡು ಉಳಿಸಿಕೊಂಡರೆ ಅದೂ ಅದರ ಜಾಣತನ.

ದೊಡ್ಡ ವಿಷಯಗಳಲ್ಲೂ ಮಗುವಿನ ಮಾತು ಕೇಳಿ. ಮನೆ ಬದಲಿಸುವುದು, ಶಾಲೆ ಬದಲಿಸುವುದು. ಕೊನೆಯ ತೀರ್ಮಾನ ನಿಮ್ಮದೇ ಇರಬಹುದು, ಆದರೆ ಕೇಳದೆ ಮಾಡಬೇಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನು ಹಕ್ಕು ಅಂತಲೇ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ.

4. ಆಟದ ಜಗಳಕ್ಕೆ ಅಂಪೈರ್ ಆಗಬೇಡಿ

ಈಗಿನ ಬೆಂಗಳೂರು ಮಕ್ಕಳ ಆಟಕ್ಕೂ ಕೋಚ್ ಇರುತ್ತಾರೆ. ಕ್ರಿಕೆಟ್ಟಿಗೆ ಒಬ್ಬರು, ಸ್ಕೇಟಿಂಗಿಗೆ ಇನ್ನೊಬ್ಬರು. ಯಾರು ಮೊದಲು, ಯಾರು ಔಟು, ಎಲ್ಲ ಅವರೇ ಹೇಳುತ್ತಾರೆ. ಆಟ ಕಲಿಯಲು ಅದು ಸರಿ. ಜನರನ್ನು ಸಂಭಾಳಿಸುವುದನ್ನು ಕಲಿಯಲು ಬೀದಿ ಆಟವೇ ಬೇಕು.

ಲಗೋರಿಯನ್ನೇ ನೋಡಿ. ಏಳು ಕಲ್ಲು, ಒಂದು ಚೆಂಡು, ಎರಡು ತಂಡ. ಒಂದು ತಂಡ ಕಲ್ಲು ಬೀಳಿಸಿ ಮತ್ತೆ ಜೋಡಿಸಬೇಕು, ಇನ್ನೊಂದು ಚೆಂಡಿನಿಂದ ಹೊಡೆದು ತಡೆಯಬೇಕು. ಇಷ್ಟರಲ್ಲಿ ಎಷ್ಟು ತೀರ್ಮಾನ ಇದೆ! ಕಲ್ಲಿನ ಹತ್ತಿರ ನುಗ್ಗುವವರು ಯಾರು, ಚೆಂಡನ್ನು ತಮ್ಮ ಕಡೆಗೆ ಸೆಳೆಯುವವರು ಯಾರು. ಬಟ್ಟೆಗೆ ತಾಗಿದರೆ ಔಟಾ? ನಾಲ್ಕು ವರ್ಷದ ತಂಗಿಯನ್ನು ಏನು ಮಾಡುವುದು? ‘ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಮಕ್ಕಳೇ ತೀರ್ಮಾನ ಕೊಡುತ್ತಾರೆ. ಆ ಪುಟ್ಟಿ ಖುಷಿಯಾಗಿ ಓಡಾಡುತ್ತಾಳೆ, ಆಟವೂ ಕೆಡುವುದಿಲ್ಲ.

ಜಗಳ ಬಂದಾಗ ಮಗು ನಿಮ್ಮ ಹತ್ತಿರ ಓಡಿಬಂದರೆ ತೀರ್ಪು ಕೊಡಬೇಡಿ. ‘ನೀವು ಆಟ ಶುರು ಮಾಡುವಾಗ ಏನಂತ ಮಾತಾಡಿಕೊಂಡಿದ್ರಿ?’ ಅಂತ ಕೇಳಿ ವಾಪಸ್ ಕಳಿಸಿ. ಹೊಡೆದಾಟ ಆದರೆ, ಒಂದೇ ಮಗುವನ್ನು ದಿನಾ ಎಲ್ಲರೂ ಸೇರಿ ಗೋಳು ಹೊಯ್ದುಕೊಳ್ಳುತ್ತಿದ್ದರೆ ಮಾತ್ರ ಮಧ್ಯೆ ಹೋಗಿ.

ದೊಡ್ಡವರು ದೂರ ನಿಲ್ಲಬೇಕು ಅನ್ನುವುದಕ್ಕೆ ಒಂದು ಹಳೆಯ ಆಧಾರವಿದೆ. ಅಮೆರಿಕದ ಐಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ಹತ್ತು ವರ್ಷದ ಆಸುಪಾಸಿನ ಹುಡುಗರ ಕ್ಲಬ್ಬುಗಳನ್ನು ಮಾಡಿ ಮುಖವಾಡ ಮಾಡುವಂಥ ಕೆಲಸ ಕೊಟ್ಟರು. 1939ರಲ್ಲಿ ಅದರ ವರದಿ ಬಂತು. ಕೆಲವು ಗುಂಪಿಗೆ ಎಲ್ಲವನ್ನೂ ತಾನೇ ಅಪ್ಪಣೆ ಕೊಡುವ ದೊಡ್ಡವರು, ಕೆಲವಕ್ಕೆ ಮಕ್ಕಳ ಜೊತೆ ಕೂತು ತೀರ್ಮಾನಿಸುವವರು, ಇನ್ನು ಕೆಲವಕ್ಕೆ ಏನೂ ಮಾಡದೆ ಕೂರುವವರು. ಅಪ್ಪಣೆಯ ಗುಂಪಿನಲ್ಲಿ ದೊಡ್ಡವರು ರೂಮಿನಿಂದ ಹೊರಗೆ ಹೋದ ಕೂಡಲೇ ಕೆಲಸ ಕುಸಿಯುತ್ತಿತ್ತು. ಕೂತು ತೀರ್ಮಾನಿಸಿದ ಗುಂಪು ತನ್ನ ಪಾಡಿಗೆ ಮುಂದುವರಿಯುತ್ತಿತ್ತು. ಮೂರನೆಯ ಬಗೆಯನ್ನೂ ಮರೆಯಬೇಡಿ. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ ಕೆಲಸ ಸರಿಯಾಗಿ ಆಗಲಿಲ್ಲ. ಹಿಂದೆ ಸರಿಯುವುದು ಬೇರೆ, ಕೈತೊಳೆದುಕೊಳ್ಳುವುದು ಬೇರೆ.

5. ಬೀದಿಯ ಒಂದು ತೊಂದರೆಯನ್ನು ಹಿಡಿದುಕೊಳ್ಳಲಿ

ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಪಂಚಾಯಿತಿಯವರ ಮುಂದೆ ಮಕ್ಕಳೇ ಎದ್ದು ನಿಂತು ಶಾಲೆಯ ಶೌಚಾಲಯ, ಕುಡಿಯುವ ನೀರು, ಬೀದಿದೀಪ ಅಂತ ಕೇಳುತ್ತಾರೆ. ಬೆಂಗಳೂರಿನ ಮಕ್ಕಳಿಗೆ ಅಂಥ ಜಾಗ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ನಾವೇ ಸಣ್ಣದಾಗಿ ಮಾಡಿಕೊಳ್ಳಬೇಕು. ಹತ್ತು ವರ್ಷ ದಾಟಿದ ಮೂರ್ನಾಲ್ಕು ಮಕ್ಕಳು ಸೇರಿದರೆ ಸಾಕು.

ಮೊದಲು ಯಾವುದಾದರೂ ಒಂದೇ ತೊಂದರೆ ಆರಿಸಿಕೊಳ್ಳಲಿ. ‘ಬೆಂಗಳೂರಿನ ಟ್ರಾಫಿಕ್’ ಬೇಡ, ಅದಕ್ಕೆ ನಮ್ಮ ಕೈಯಲ್ಲೇ ಉತ್ತರವಿಲ್ಲ. ಮೂಲೆ ಮನೆಯ ಮುಂದೆ ಉರಿಯದ ದೀಪ ಸರಿ.

ಎರಡನೆಯದು, ಅದು ಯಾರ ಕೆಲಸ ಅಂತ ಪತ್ತೆ ಮಾಡಲಿ. ಇದರಲ್ಲಿ ದೊಡ್ಡವರೇ ಎಡವುತ್ತಾರೆ. ಬೀದಿದೀಪ ಕೆಟ್ಟರೆ ಬೆಸ್ಕಾಂಗೆ ಫೋನ್ ಮಾಡುವವರಿದ್ದಾರೆ. ಮನೆಯ ಕರೆಂಟ್ ಹೋದರೆ ಬೆಸ್ಕಾಂನ 1912. ನಲ್ಲಿ ನೀರು, ಒಳಚರಂಡಿ ಆದರೆ ಜಲಮಂಡಳಿಯ 1916. ಬೀದಿದೀಪ, ರಸ್ತೆ ಗುಂಡಿ, ಕಸ ಇವು ಪಾಲಿಕೆಯ ಕೆಲಸ, ಸಹಾಯವಾಣಿ 1533. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳಾಗಿವೆ. ನಮ್ಮ ಮನೆ ಯಾವುದಕ್ಕೆ ಸೇರಿದೆ ಅಂತ ಹುಡುಕಿಸಿ. ಮನೆಯ ದೊಡ್ಡವರಲ್ಲಿ ಎಷ್ಟು ಜನರಿಗೆ ಗೊತ್ತಿದೆ ಅಂತ ಕೇಳಿಸಿ, ತಮಾಷೆಯಾಗಿರುತ್ತದೆ.

ಮೂರನೆಯದು ಫೋನು. ನಮ್ಮ ಬೀದಿಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದನ್ನು ಹತ್ತಿರ ನಿಂತು ನೋಡಿದೆ. ‘ಸಾರ್, ನಮ್ಮ ರೋಡಲ್ಲಿ ಲೈಟ್ ಇಲ್ಲ’ ಅಂದಳು. ಆ ಕಡೆಯಿಂದ ‘ಯಾವ ರೋಡಮ್ಮ? ಪಕ್ಕದಲ್ಲಿ ಗುರುತಿಗೆ ಏನಿದೆ? ಕಂಬದ ನಂಬರ್ ಇದೆಯಾ?’ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ‘ಒಂದ್ನಿಮಿಷ ಸಾರ್, ಮತ್ತೆ ಮಾಡ್ತೀನಿ’ ಅಂತ ಇಟ್ಟುಬಿಟ್ಟಳು. ನಾಲ್ಕು ಮಕ್ಕಳು ಕಂಬದ ಹತ್ತಿರ ಓಡಿದರು. ಬಣ್ಣ ಅರ್ಧ ಕಿತ್ತುಹೋಗಿದ್ದ ನಂಬರನ್ನು ಒಬ್ಬ ಓದಿದ, ಇನ್ನೊಬ್ಬ ಅಂಗೈ ಮೇಲೆ ಬರೆದುಕೊಂಡ. ಎರಡನೇ ಸಲ ಫೋನ್ ಮಾಡಿದಾಗ ಅವಳ ದನಿಯೇ ಬೇರೆ ಇತ್ತು. ಅಡ್ರೆಸ್, ಗುರುತು, ಕಂಬದ ನಂಬರ್, ಎಷ್ಟು ದಿನದಿಂದ ಉರಿಯುತ್ತಿಲ್ಲ, ಎಲ್ಲ ಒಂದೇ ಉಸಿರಿಗೆ.

ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ವಾರ ಬಿಟ್ಟು ಅದೇ ಸಂಖ್ಯೆ ಹೇಳಿ ಮತ್ತೆ ವಿಚಾರಿಸಬೇಕು. ಒಂದೇ ಫೋನಿಗೆ ಕೆಲಸ ಆಗದಿದ್ದರೆ ಅದೂ ಪಾಠವೇ. ಬೆನ್ನು ಬಿಡದೆ ಕೇಳುವುದು, ಆದರೆ ಕೂಗಾಡದೆ ಕೇಳುವುದು. ಫೋನಿನ ಆ ಕಡೆ ಇರುವವರೂ ದಿನವಿಡೀ ಬೈಸಿಕೊಳ್ಳುವ ಮನುಷ್ಯರು ಅಂತ ಮಕ್ಕಳಿಗೆ ಹೇಳಿ.

ಅಪಾರ್ಟ್‌ಮೆಂಟಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ತೊಂದರೆ ‘ಇಲ್ಲಿ ಆಟ ಆಡಬಾರದು’ ಅನ್ನುವ ಬೋರ್ಡು. ಅಮ್ಮಂದಿರು ವಾಟ್ಸಾಪ್ ಗುಂಪಿನಲ್ಲಿ ಜಗಳ ಆಡುವ ಬದಲು ಮಕ್ಕಳೇ ಪತ್ರ ಬರೆಯಲಿ. ನಾನು ಓದಿದ ಅಂಥ ಒಂದು ಪತ್ರ ಹೀಗಿತ್ತು:

‘ಅಸೋಸಿಯೇಷನ್ ಅಧ್ಯಕ್ಷರಿಗೆ ನಮಸ್ಕಾರ. ನಾವು ಎ ಮತ್ತು ಬಿ ಬ್ಲಾಕಿನ ಮಕ್ಕಳು. ನಮಗೆ ಆಡಲು ಜಾಗ ಇಲ್ಲ. ಸಂಜೆ 5ರಿಂದ 6:30ರವರೆಗೆ ಹಿಂದಿನ ಪಾರ್ಕಿಂಗ್‌ನಲ್ಲಿ ಆಡಲು ಬಿಡಿ. ಆ ಟೈಮಲ್ಲಿ ಅಲ್ಲಿ ಮೂರೇ ಕಾರು ಇರುತ್ತವೆ, ನಾವು ಎಣಿಸಿದ್ದೇವೆ. ಟೆನ್ನಿಸ್ ಬಾಲ್ ಮಾತ್ರ. ಮೇಲೆ ಹೊಡೆದರೆ ಔಟ್. ಗಾಜು ಒಡೆದರೆ ಎಲ್ಲರೂ ಸೇರಿ ದುಡ್ಡು ಕೊಡುತ್ತೇವೆ. ಪರೀಕ್ಷೆ ಟೈಮಲ್ಲಿ ಕಿರುಚುವುದಿಲ್ಲ.’

ಕಾರು ಎಣಿಸಿದ್ದು ನೋಡಿ. ‘ಮೇಲೆ ಹೊಡೆದರೆ ಔಟ್’ ಅನ್ನುವುದಂತೂ ಗಾಜಿನ ಮನೆಯವರ ಭಯಕ್ಕೆ ಕೊಟ್ಟ ನೇರ ಉತ್ತರ. ಮೊದಲ ಮಹಡಿಯ ಒಬ್ಬರು, ತಮ್ಮ ತಾಯಿ ಐದೂವರೆವರೆಗೆ ಮಲಗಿರುತ್ತಾರೆ ಅಂದರು. ಮಕ್ಕಳು ಪಕ್ಕಕ್ಕೆ ಹೋಗಿ ಗುಸುಗುಸು ಮಾತಾಡಿ ಬಂದು ‘ಹಾಗಿದ್ರೆ ಐದೂವರೆಯಿಂದ ಏಳು’ ಅಂದರು. ಒಂದು ತಿಂಗಳು ನೋಡೋಣ ಅಂತ ಒಪ್ಪಿಗೆ ಸಿಕ್ಕಿತು. ತನಗೆ ಬೇಕಾದ್ದನ್ನು ಕೇಳುವುದು ಎಲ್ಲ ಮಕ್ಕಳಿಗೂ ಬರುತ್ತದೆ. ಎದುರಿನವರಿಗೆ ಏನು ತೊಂದರೆ ಅಂತ ಮೊದಲೇ ಯೋಚಿಸಿ ಕೇಳುವುದು ಹೀಗೆ ಒಂದೆರಡು ಸಲ ಮಾಡಿದ ಮೇಲೆ ಬರುತ್ತದೆ.

ಸುರಕ್ಷತೆಯ ಮಾತನ್ನು ಮರೆಯುವಂತಿಲ್ಲ. ಮುಖ್ಯ ರಸ್ತೆ, ವಿದ್ಯುತ್ ತಂತಿ, ಗೊತ್ತಿಲ್ಲದವರ ಮನೆಯೊಳಗೆ ಹೋಗುವುದು, ಕುಡಿದವರ ಜೊತೆ ವಾದ, ಇವುಗಳಿಗೆ ಕೈ ಹಾಕಬಾರದು. ‘ಇದು ನಮ್ಮ ಕೈಯಲ್ಲಿ ಆಗಲ್ಲ, ದೊಡ್ಡವರನ್ನ ಕರೀರಿ’ ಅಂತ ಗುಂಪಿಗೆ ಹೇಳುವ ಧೈರ್ಯವೂ ಮುಂದಾಳಿಗೆ ಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ಬಾಯಿಪಾಠ ಆಗಿರಲಿ.

6. ಮಾತು ಈಗ ಕಲಿಸಿ

ಹೇಳಲು ಏನಾದರೂ ಇದ್ದಾಗ ಮಾತು ತಾನಾಗಿ ಬರುತ್ತದೆ. ಅದಕ್ಕೇ ಇದನ್ನು ಕೊನೆಯ ಕಡೆ ಇಟ್ಟೆ. ಮೂರು ವಾಕ್ಯದ ಅಭ್ಯಾಸ ಮಾಡಿಸಿ: ಏನಾಗಿದೆ, ನಮಗೆ ಏನು ಬೇಕು, ಅದಕ್ಕೆ ನಾವೇನು ಮಾಡುತ್ತೇವೆ. ಅಂಗಡಿಯಲ್ಲಿ ಹರಿದ ನೋಟ್‌ಬುಕ್ ವಾಪಸ್ ಕೊಡುವುದರಿಂದ ಹಿಡಿದು ಪ್ರಿನ್ಸಿಪಾಲರ ರೂಮಿನವರೆಗೆ ಇಷ್ಟು ಸಾಕು.

ನಮ್ಮೂರಿನ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಒಂದೇ ಮೈದಾನದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಓಡಾಡುತ್ತವೆ. ಹೊಸದಾಗಿ ಬಂದ ಮಗುವಿಗೆ ಕನ್ನಡದಲ್ಲಿ ಆಟದ ನಿಯಮ ಹೇಳಿಕೊಡುವ, ಅದರ ಭಾಷೆಯ ನಾಲ್ಕು ಮಾತು ಕಲಿಯುವ ಮಗುವಿನ ಸುತ್ತ ಗುಂಪು ತಾನಾಗೇ ಸೇರುತ್ತದೆ.

ಆಮೇಲೆ ಒಂದು ಮಾತು ದೊಡ್ಡವರಿಗೆ. ಅಸೋಸಿಯೇಷನ್ ಅಧ್ಯಕ್ಷರಿಗೆ ‘ಬನ್ನಿ ಸಾರ್’, ಸೆಕ್ಯೂರಿಟಿಯವರಿಗೆ ‘ಏಯ್, ಗೇಟ್ ತೆಗಿ’. ಹಿಂದಿನ ಸೀಟಿನಲ್ಲಿ ಕೂತ ಮಗು ಎರಡನ್ನೂ ಕೇಳಿಸಿಕೊಂಡಿರುತ್ತದೆ. ಮರುದಿನ ತನ್ನ ತಂಡದ ಚಿಕ್ಕವರ ಮೇಲೆ ಎರಡನೆಯದನ್ನೇ ಬಳಸುತ್ತದೆ.

7. ಮಾನಿಟರ್, ಚುನಾವಣೆ, ಸೋಲು

ಟೀಚರ್ ಹೊರಗೆ ಹೋದಾಗ ಬೋರ್ಡಿನ ಮೇಲೆ ‘ಮಾತಾಡಿದವರು’ ಅಂತ ಹೆಸರು ಬರೆಯುವ ಮಾನಿಟರ್ ಗೊತ್ತಲ್ಲ? ಹೆಸರಿನ ಮುಂದೆ ಒಂದು ಗುಣಿಸು ಗುರುತು, ಇನ್ನೂ ಮಾತಾಡಿದರೆ ಇನ್ನೊಂದು. ಅದು ಪೊಲೀಸ್ ಕೆಲಸ. ನಿಮ್ಮ ಮಗು ಮಾನಿಟರ್ ಆಗಿದ್ದರೆ ಸಂಜೆ ‘ಇವತ್ತು ಎಷ್ಟು ಜನರ ಹೆಸರು ಬರೆದೆ?’ ಅಂತ ಹೆಮ್ಮೆಯಿಂದ ಕೇಳಬೇಡಿ. ‘ಇವತ್ತು ಯಾರಿಗೆ ಏನು ಬೇಕಾಗಿತ್ತು?’ ಅಂತ ಕೇಳಿ. ಟೀಚರುಗಳಿಗೂ ಒಂದು ವಿನಂತಿ, ಮಾನಿಟರ್ ಕೆಲಸ ತಿಂಗಳಿಗೊಬ್ಬರಂತೆ ತಿರುಗಲಿ. ಮಾರ್ಕ್ಸ್ ಜಾಸ್ತಿ ಬಂದವರಿಗೇ ಮೀಸಲಾಗುವುದು ಬೇಡ.

ಶಾಲಾ ಚುನಾವಣೆಯಲ್ಲಿ ಮಗು ನಿಲ್ಲುತ್ತೇನೆ ಅಂದರೆ ನಿಲ್ಲಲಿ. ಚಾಕ್ಲೇಟ್ ಹಂಚಿ ಓಟು ಕೇಳುವುದನ್ನು ಮಾತ್ರ ಮನೆಯಲ್ಲೇ ತಡೆಯಿರಿ. ಅದನ್ನು ದೊಡ್ಡವರು ಮಾಡುವುದೇ ಸಾಕು. ಸೋತರೆ ಮೊದಲ ದಿನ ಏನೂ ಹೇಳಬೇಡಿ, ಅಳಲಿ. ಎರಡನೇ ದಿನ, ಗೆದ್ದವರಿಗೆ ಕೈ ಕುಲುಕಿ ಬರಲು ಹೇಳಿ. ಪ್ರಚಾರದಲ್ಲಿ ‘ನಾನು ಬಂದರೆ ಲೈಬ್ರರಿ ಪುಸ್ತಕ ಸರಿಯಾಗಿ ಜೋಡಿಸುತ್ತೇನೆ’ ಅಂದಿದ್ದರೆ ಬ್ಯಾಡ್ಜ್ ಇಲ್ಲದೆಯೂ ಅದನ್ನು ಮಾಡಬಹುದು, ಮಾಡಲಿ.

8. ಹೊಗಳುವ ಬಗೆ

‘ನೀನು ಹುಟ್ಟಾ ಲೀಡರ್’ ಅನ್ನಬೇಡಿ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳು ಹೆಸರುವಾಸಿ. ‘ನೀನು ಜಾಣ’ ಅಂತ ಹೊಗಳಿಸಿಕೊಂಡ ಮಕ್ಕಳು ಒಂದು ಸಲ ಸೋತ ಮೇಲೆ ಬೇಗ ಕೈಬಿಟ್ಟರು, ಶ್ರಮವನ್ನು ಹೊಗಳಿಸಿಕೊಂಡವರು ಪಟ್ಟು ಹಿಡಿದರು. ಹಾಗಾಗಿ ಕಂಡದ್ದನ್ನು ಕಂಡಂತೆ ಹೇಳಿ. ‘ತಂಗಿಗೂ ಬ್ಯಾಟಿಂಗ್ ಕೊಟ್ಟೆ, ನೋಡಿದೆ.’ ಇಷ್ಟೇ ಸಾಕು.

ಕಥೆ ಬೇಕಾದಾಗ ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಇದ್ದಾರೆ. 2018ರಲ್ಲಿ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಬಹುಮಾನ ಘೋಷಣೆಯಾಯಿತು. ಎಲ್ಲರ ಶ್ರಮವೂ ಒಂದೇ, ನನಗೆ ಮಾತ್ರ ಜಾಸ್ತಿ ಯಾಕೆ ಅಂತ ದ್ರಾವಿಡ್ ಆಕ್ಷೇಪ ಎತ್ತಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ಆಯಿತು. ಊಟದ ಹೊತ್ತಲ್ಲಿ ಇದನ್ನು ಹೇಳಿ, ‘ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಅಂತ ಕೇಳಿ. ‘ಐವತ್ತು ಇಟ್ಕೊಂಡು ಪಾರ್ಟಿ ಕೊಡಿಸ್ತಿದ್ದೆ’ ಅಂತ ಉತ್ತರ ಬಂದರೂ ಗಾಬರಿ ಬೇಡ, ವಾದ ಮುಂದುವರಿಯಲಿ.

9. ಹೊರಗೆ ಸೇರಿಸುವುದಾದರೆ

ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದ್ದರೆ ಮೊದಲ ಆಯ್ಕೆ ಅದೇ. ಚಿಕ್ಕವರಿಗೆ ಕಬ್ ಮತ್ತು ಬುಲ್‌ಬುಲ್, ಹತ್ತು ವರ್ಷ ತುಂಬಿದವರಿಗೆ ಸ್ಕೌಟ್, ಗೈಡ್. ಅಲ್ಲಿ 6ರಿಂದ 8 ಮಕ್ಕಳ ಪ್ಯಾಟ್ರೋಲ್, ಅಂದರೆ ಸಣ್ಣ ಗುಂಪು, ಇರುತ್ತದೆ, ಅದರ ಲೀಡರ್ ಕೂಡ ಮಗುವೇ. ಕ್ಯಾಂಪಿನಲ್ಲಿ ಒಲೆ ಹಚ್ಚಿ ಏಳು ಜನರಿಗೆ ಅನ್ನ ಬೇಯಿಸುವುದು ಅಂಥ ಗುಂಪಿನ ಪಾಲಿಗೆ ಬಂದರೆ, ಅನ್ನ ಸೀದರೆ ಎಲ್ಲರೂ ಸೀದದ್ದನ್ನೇ ತಿನ್ನಬೇಕು. ದೊಡ್ಡ ಮಕ್ಕಳಿಗೆ ಎನ್‌ಸಿಸಿ ಇದೆ. ನಾಟಕವೂ ಒಳ್ಳೆಯದು, ಅದರಲ್ಲೂ ತೆರೆಯ ಹಿಂದಿನ ಕೆಲಸ. ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ನಾಟಕಗಳಿರುತ್ತವೆ, ಒಮ್ಮೆ ತೋರಿಸಿ. ಕಬ್ಬನ್ ಪಾರ್ಕಿನ ಬಾಲಭವನದ ಚಟುವಟಿಕೆಗಳನ್ನೂ ವಿಚಾರಿಸಿ ನೋಡಿ.

ಬೇಸಿಗೆ ಶಿಬಿರದವರನ್ನು ಫೀಸ್ ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ: ‘ಇಲ್ಲಿ ಮಕ್ಕಳು ತಾವೇ ತೀರ್ಮಾನಿಸುವುದು ಏನೇನಿದೆ?’ ಉತ್ತರದಲ್ಲಿ ಸರ್ಟಿಫಿಕೇಟು, ಕೊನೆಯ ದಿನದ ಫಂಕ್ಷನ್ನು ಇವೇ ಬಂದರೆ ಆ ದುಡ್ಡಿಗೆ ಒಂದು ಒಳ್ಳೆ ಫುಟ್‌ಬಾಲು, ನಿಮ್ಮ ಬೀದಿಯ ಮಕ್ಕಳಿಗೆಲ್ಲ ಐಸ್‌ಕ್ರೀಮು ಬರುತ್ತದೆ.

ಹದಿಮೂರು ದಾಟಿದವರಿಗೆ ಗಣೇಶನ ಹಬ್ಬ ಬಿಟ್ಟುಕೊಡಿ. ಬೀದಿಯದೋ ಅಪಾರ್ಟ್‌ಮೆಂಟಿನದೋ, ಮಕ್ಕಳ ಗಣಪತಿ ಅಂತ ಒಂದು ಇರಲಿ. ಚಂದಾ ಎತ್ತುವ ಮುಂಚೆ ಪಟ್ಟಿ ಬರೆಯಬೇಕು: ಮಣ್ಣಿನ ಮೂರ್ತಿ, ಹೂವು, ಚರ್ಪು, ವಿಸರ್ಜನೆಯ ಬಕೆಟ್. ಕೊಟ್ಟವರಿಗೆಲ್ಲ ರಸೀದಿ. ಹತ್ತು ರೂಪಾಯಿ ಕೊಟ್ಟವರಿಗೂ, ಕೊಡಲ್ಲ ಅಂದವರ ಮನೆಗೂ ಒಂದೇ ಥರ ಚರ್ಪು. ಏಳೆಂಟು ವರ್ಷದವರಿಗೂ ಒಂದೊಂದು ನಿಜವಾದ ಕೆಲಸ ಸಿಗುವಂತೆ ದೊಡ್ಡ ಮಕ್ಕಳೇ ಹಂಚಬೇಕು. ಹಬ್ಬ ಮುಗಿದ ಎರಡು ದಿನದೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕು, ಬಿಲ್ಲುಗಳ ಸಮೇತ. ಲೆಕ್ಕ ಐವತ್ತು ರೂಪಾಯಿ ತಪ್ಪಿದರೆ ನಿಮ್ಮ ಜೇಬಿಗೆ ಕೈ ಹಾಕಬೇಡಿ. ‘₹50 ಲೆಕ್ಕ ಸಿಗುತ್ತಿಲ್ಲ’ ಅಂತಲೂ ಅದೇ ಹಾಳೆಯಲ್ಲಿ ಬರೆಯಲಿ, ಕೆಳಗೆ ಎಲ್ಲರೂ ಸಹಿ ಹಾಕಲಿ.